ಮೂರೇ ನೋಡ್ (ಲೆಕ್ಕದ ಕಾಪಿ ಇಟ್ಕೊಳ್ಳೋ ಕಂಪ್ಯೂಟರ್) ಇದ್ದು ಅದ್ರಲ್ಲಿ ಒಂದು ಸುಳ್ಳು ಹೇಳಿದ್ರೆ ಏನ್ ಗತಿ?

ಹಿಂಜವಡಿ_ಹುಡುಗ:
ಪುಣೆನಲ್ಲಿ ಕೆಲ್ಸ. ಒಂದು ಶೇರ್ಡ್ ಲೆಡ್ಜರ್ (ಎಲ್ರ ಹತ್ರಾನೂ ಒಂದೇ ಥರ ಇರೋ ಲೆಕ್ಕದ ಪುಸ್ತಕ) ಮಾಡ್ತಿದೀವಿ, ಗೋವಾದ ಫೋಂಡಾದ ಗೋಡಂಬಿ ಫ್ಯಾಕ್ಟರಿಯವರದ್ದೊಂದು ನೋಡ್, ಪುಣೆ ಟ್ರಾನ್ಸ್‌ಪೋರ್ಟಿನವರದ್ದೊಂದು, ಭಿವಂಡಿ ಗೋಡೌನಿಂದೊಂದು. ಸದ್ಯಕ್ಕೆ ನೋಡ್‌ಗಳನ್ನ ಒಮ್ಮತಕ್ಕೆ ತರೋಕೆ ರಾಫ್ಟ್ ಅನ್ನೋ ಪ್ರೋಟೋಕಾಲ್ ಓಡ್ತಿದೆ, ಎರಡು ನೋಡ್ ಒಪ್ಪಿದ್ರೆ ಎಂಟ್ರಿ ಪಕ್ಕಾ. ಆದ್ರೆ ಈ ಮೂವರಿಗೂ ಒಬ್ಬರ ಮೇಲೊಬ್ರಿಗೆ ನಂಬಿಕೆ ಇಲ್ಲ. ಎಲ್ಲಾ ಮೆಸೇಜಿಗೂ ಡಿಜಿಟಲ್ ಸಿಗ್ನೇಚರ್ (ಯಾರು ಕಳ್ಸಿದ್ದು ಅಂತ ತೋರ್ಸೋ, ನಕಲು ಮಾಡೋಕಾಗದ ಸೈನು) ಹಾಕ್ಬಿಡಿ ಸಾಕು ಅಂತಾರೆ ನಮ್ ಲೀಡ್, ನಂಗ್ಯಾಕೋ ಡೌಟು.

ಮಾಟುಂಗಾ_ಮಂದಿ:
ಮೊದ್ಲ ರಾಫ್ಟ್ ಬಿಡ್ರಿ, ಅದು ನೋಡ್ ಸಾಯ್ತದ ಅಂತ ಲೆಕ್ಕ ಹಿಡದದ, ಸುಳ್ಳ ಹೇಳ್ತದ ಅಂತ ಅಲ್ಲ. ಸಿಗ್ನೇಚರ್ ಇಲ್ದ ಮೂರು ನೋಡಿನಾಗ ಒಬ್ಬ ಕಳ್ಳ ಇದ್ರೂ ಒಮ್ಮತ ಆಗಂಗಿಲ್ಲ ಅಂತ ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ 1980ರಾಗ ಪ್ರೂವ್ ಮಾಡಿಟ್ಟಾರ. ಎಫ್ ಮಂದಿ ಕಳ್ಳರಿದ್ರ 3ಎಫ್+1 ನೋಡ್ ಬೇಕ, ಅಂದ್ರ ನಿಮಗ ನಾಕು. 1982ರಾಗ ಬೈಜಂಟೈನ್ ಜನರಲ್ಸ್ ಅಂತ ಹೆಸರಿಟ್ಟು ಬರದ ಮ್ಯಾಲ ಫೇಮಸ್ ಆತು.

ಹಿಂಜವಡಿ_ಹುಡುಗ:
ಸರಿ, ಸಿಗ್ನೇಚರ್ ಇದ್ರೆ?

ವಾಸ್ಕೋ_ವಾಸಿ:
ನಿಮ್ ಲೀಡ್ ಅರ್ಧ ಸರಿ. ಸಿಗ್ನೇಚರ್ ಇದ್ರೆ ಮೂರರಲ್ಲೂ ಆಗತ್ತೆ, ಆದ್ರೆ ಮೆಸೇಜ್ ಇಂತಿಷ್ಟು ಟೈಮಲ್ಲಿ ಬಂದೇ ಬರತ್ತೆ ಅನ್ನೋ ಗ್ಯಾರಂಟಿ ಇದ್ರೆ ಮಾತ್ರ. ಮಳೆಗಾಲದಲ್ಲಿ ಘಾಟ್ ಕಡೆ ಲೈನ್ ಕಟ್ ಆಯ್ತು ಅನ್ಕೊಳ್ಳಿ, ಫೋಂಡಾ-ಪುಣೆ ಮಾತಿಲ್ಲ. ಭಿವಂಡಿಯವ ಪುಣೆಗೆ 200 ಚೀಲ ಅಂತ ಸೈನ್ ಮಾಡ್ತಾನೆ, ಫೋಂಡಾಗೆ 180 ಅಂತ ಸೈನ್ ಮಾಡ್ತಾನೆ, ಎರಡೂ ಕಡೆ ಎರಡೆರಡು ವೋಟು, ಎರಡೂ ಕಡೆ ಕಮಿಟ್, ಅಂದ್ರೆ ಎಂಟ್ರಿ ಪಕ್ಕಾ! ಲೈನ್ ಬಂದ್ಮೇಲೆ ಕಳ್ಳ ಸಿಕ್ಕಿಬೀಳ್ತಾನೆ ನಿಜ, ಅಷ್ಟರಲ್ಲಿ ದುಡ್ಡು ಹೋಗಿರತ್ತೆ. ನಾಲ್ಕು ನೋಡ್ ಇಟ್ಟು ಮೂರು ವೋಟು ಕೇಳಿದ್ರೆ, ಯಾವ ಎರಡು ಗುಂಪು ತಗೊಂಡ್ರೂ ಇಬ್ರು ಕಾಮನ್, ಕಳ್ಳ ಒಬ್ಬನೇ ಆದ್ರೆ ಇನ್ನೊಬ್ಬ ಪ್ರಾಮಾಣಿಕ, ಅವ್ನು ಎರಡಕ್ಕೂ ವೋಟ್ ಹಾಕಲ್ಲ. 1999ರಲ್ಲಿ ಕ್ಯಾಸ್ಟ್ರೋ, ಲಿಸ್ಕೋವ್ ಮಾಡಿದ ಪಿಬಿಎಫ್‌ಟಿ ಅನ್ನೋ ಒಮ್ಮತದ ಪ್ರೋಟೋಕಾಲ್ ನಿಂತಿರೋದೇ ಇದ್ರ ಮೇಲೆ. ನಾಲ್ಕೂ ಕಾಯ್ಬೇಕು ಅಂತ ಯಾಕಿಟ್ಟಿಲ್ಲ ಅಂದ್ರೆ, ಸುಮ್ನಿರೋನು ಕಳ್ಳನೋ ನೆಟ್‌ವರ್ಕ್ ಸ್ಲೋನೋ ಹೊರಗಿಂದ ಗೊತ್ತಾಗಲ್ಲ, ಕಾಯ್ತಾ ಕೂತ್ರೆ ಕೆಲ್ಸನೇ ನಿಂತೋಗತ್ತೆ. ಮೆಸೇಜ್ ಮಾತ್ರ ಜಾಸ್ತಿ ಓಡಾಡತ್ತೆ, ಎಲ್ರೂ ಎಲ್ರಿಗೂ ಹೇಳ್ಬೇಕಲ್ಲ, ನಾಲ್ಕಕ್ಕೆ ಅದೇನ್ ದೊಡ್ಡ ಭಾರ ಅಲ್ಲ ಬಿಡಿ.

ಮಾಟುಂಗಾ_ಮಂದಿ:
ನಾಕನೇ ನೋಡ್ ಯಾರ ಕೈಯಾಗ ಅನ್ನೂದು ನೋಡ್ಕೋರಿ. ಗೋಡೌನ್ ಮಾಲೀಕನ ಅಳಿಯನ ಕೈಗೆ ಕೊಟ್ರ ಕಳ್ಳರ ಲೆಕ್ಕ ಎರಡಾಗಿ ಹೋತು, ಆಗ ಏಳು ಬೇಕ. ಮತ್ತ ಇನ್ನೊಂದು, ಇದೆಲ್ಲಾ ಎಲ್ಲಾರ ಪುಸ್ತಕದಾಗೂ ಒಂದೇ ನಂಬರ್ ಇರೂದಕ್ಕ ಅಷ್ಟ, ಚೀಲ ಖರೇನ 200 ಇದ್ವು ಅಂತ ಯಾವ ಪ್ರೋಟೋಕಾಲೂ ಎಣಿಸಂಗಿಲ್ಲ.

ಹಿಂಜವಡಿ_ಹುಡುಗ:
ಮೂರೂ ಪಾರ್ಟಿಗೆ ಸಂಬಂಧ ಇಲ್ದಿರೋ ಆಡಿಟರ್ ಹತ್ರ ನಾಲ್ಕನೇದು ಇಡೋಣ ಅಂತ ಕೇಳಿ ನೋಡ್ತೀನಿ, ಅದ್ರ ಸರ್ವರ್ ಬಿಲ್ ಯಾರು ಕಟ್ತಾರೆ ಅನ್ನೋದಕ್ಕೇ ಮೊದಲ ಜಗಳ ಆಗತ್ತೆ ಅನ್ಸತ್ತೆ 😅