ಸೀಡ್ ಮನಿ ಎಲ್ಲ ಮೂರೇ ವಿಷಯಕ್ಕೆ ಹೋದರೆ ಉಳಿದವರು ಏನು ಮಾಡಬೇಕು?

ತೊಗರಿಹೊಲ:
ನಾನಿರುವ ವಿಶ್ವವಿದ್ಯಾಲಯದ ಹೆಸರು ಬೇಡ, ನಮ್ಮ ಕಡೆಯದೇ. ಹೋದ ತಿಂಗಳು ಸುತ್ತೋಲೆ ಬಂತು, ಇನ್ಮೇಲೆ ಸೀಡ್ ಮನಿ, ಅಂದರೆ ಹೊಸ ಸಂಶೋಧನೆ ಶುರು ಮಾಡಲು ವಿಶ್ವವಿದ್ಯಾಲಯವೇ ಕೊಡುವ ಹಣ, ಎಲ್ಲರಿಗೂ ಇಲ್ಲವಂತೆ. ನ್ಯಾನೋ, ಎಐ, ಔಷಧ ರಸಾಯನ, ಈ ಮೂರೇ 'ಥ್ರಸ್ಟ್ ಏರಿಯಾ', ಅಂದರೆ ಒತ್ತು ಕೊಡುವ ವಿಷಯ. ನಾನು ಸಸ್ಯಶಾಸ್ತ್ರದವನು, ತೊಗರಿ ಗಿಡ ಒಣಗಿಸುವ ನೆಟೆ ರೋಗದ ಮೇಲೆ ಕೆಲಸ. ಹೊಲ ಹೊಲ ತಿರುಗಿ ತಂದ ಬೇರಿನ ಸ್ಯಾಂಪಲ್ ಫ್ರೀಜರ್‌ನಲ್ಲಿ ಕೂತಿವೆ, ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಓದಿಸಲು) ಕಳಿಸಲು ದುಡ್ಡಿಲ್ಲ. ಎಲ್ಲ ಕಡೆ ಹೀಗೇನಾ?

ಬೀದರ್ ಕೋಟೆ:
ಬೇಜಾರಾಗಬೇಡಿ ಸರ್, ಆದರೆ ಎಲ್ಲರಿಗೂ ಚೂರು ಚೂರು ಹಂಚಿದರೆ ಯಾರಿಗೂ ಒಂದು ನೆಟ್ಟಗಿನ ಉಪಕರಣ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಆರೇಳು ವರ್ಷಕ್ಕೊಮ್ಮೆ ಸಂಶೋಧನೆಯನ್ನು ತೂಗಿ ಸ್ಟಾರ್ ಕೊಡುತ್ತಾರೆ. ಹಣ ಹಂಚುವಾಗ ನಾಲ್ಕು ಸ್ಟಾರ್ ಕೆಲಸಕ್ಕೆ ಮೂರು ಸ್ಟಾರಿನ ನಾಲ್ಕು ಪಟ್ಟು ತೂಕ, ಎರಡು ಸ್ಟಾರಿಗೆ ಸೊನ್ನೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳು ಒಂದೊಂದು ವಿಷಯ ಹಿಡಿದು ಪೈಪೋಟಿ ಮಾಡಬೇಕು, ಗೆದ್ದ ತಂಡಕ್ಕೆ ಏಳು ವರ್ಷ ಹಣ. 2026ರಿಂದ ಅಂಥ 70 ತಂಡಗಳಿವೆ. ನಮ್ಮ ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯವನ್ನೇ ನೋಡಿ, ದನ, ಕುರಿ, ಮೀನು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದೆ.

ಹಳೇ ಫೈಲು:
ಕೋಟೆಯವರೇ, ಒಂದು ಬಿಟ್ಟಿರಿ. ಇಂಗ್ಲೆಂಡಿನಲ್ಲಿ ಸ್ಟಾರ್ ಲೆಕ್ಕದ ಹಣ ವಿಭಾಗದ ಕೈಗೆ ಬರುವುದಿಲ್ಲ, ವಿಶ್ವವಿದ್ಯಾಲಯಕ್ಕೆ ಇಡಿಯಾಗಿ ಬರುತ್ತದೆ. ಯಾರಿಗೆ ಎಷ್ಟು ಅಂತ ಅವರೇ ತೀರ್ಮಾನಿಸುತ್ತಾರೆ, ಅಂದರೆ ಒಬ್ಬರು ದುಡಿದದ್ದನ್ನು ಇನ್ನೊಬ್ಬರ ಹೊಸ ಕೆಲಸಕ್ಕೂ ಹಾಕಬಹುದು. ಇನ್ನು ಇಂಗ್ಲೆಂಡಾಗಲಿ ಜರ್ಮನಿಯಾಗಲಿ, ಮೊದಲು ಕೆಲಸ ತೂಗಿ ಆಮೇಲೆ ದುಡ್ಡು ಕೊಡುತ್ತಾರೆ.

ನಾನು ಹಣಕಾಸು ವಿಭಾಗದಲ್ಲಿ ಬಹಳ ವರ್ಷ ಕೂತಿದ್ದವನು. ರಾಜ್ಯ ವಿಶ್ವವಿದ್ಯಾಲಯಕ್ಕೆ ಬರುವ ಅನುದಾನದಲ್ಲಿ ಸಂಬಳ, ಪಿಂಚಣಿ ಕಳೆದರೆ ಉಳಿಯುವುದು ಬೆರಳೆಣಿಕೆ. ಹಾಗಾಗಿ ನಾವು ಏನು ಮಾಡುತ್ತಿದ್ದೆವು ಅಂದರೆ, ದಿಲ್ಲಿಯಿಂದ ಯಾವ ವಿಷಯಕ್ಕೆ ಅರ್ಜಿ ಕರೆದಿದ್ದಾರೋ ಅದನ್ನೇ ನಮ್ಮ ಬಲ ಅಂತ ಬರೆಯುತ್ತಿದ್ದೆವು. ಕೇಂದ್ರದ ವಿಜ್ಞಾನ ಇಲಾಖೆ ಡಿಎಸ್‌ಟಿಯ ಫಿಸ್ಟ್ (ಲ್ಯಾಬ್ ಸೌಲಭ್ಯಕ್ಕೆ ಹಣ ಕೊಡುವ ಯೋಜನೆ) ಬಂದಾಗಲೂ ಅದೇ, ಈಗ 2023ರ ಕಾಯ್ದೆಯಿಂದ ಬಂದ, ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ಗೂ ಅದೇ ಆಗುತ್ತಿರಬೇಕು. ಸುಮ್ನೆ ಹೇಳಿ, ಆ ಮೂರು ವಿಷಯ ಆರಿಸುವ ಮೊದಲು ಯಾವ ವಿಭಾಗದಲ್ಲಿ ಏನು ನಡೆದಿದೆ ಅಂತ ಒಬ್ಬರಾದರೂ ಲ್ಯಾಬ್‌ಗೆ ಬಂದು ಕೇಳಿದರಾ?

ತೊಗರಿಹೊಲ:
ಇಲ್ಲ ಸರ್. ಒಂದು ಗೂಗಲ್ ಫಾರ್ಮ್ ಬಂದಿತ್ತು, ಅದೂ ಪಟ್ಟಿ ಹೊರಬಿದ್ದ ಮೇಲೆ. 2022ರಲ್ಲಿ ನೆಟೆ ರೋಗ ಬಂದು ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ತೊಗರಿ ಒಣಗಿತು, ಸರ್ಕಾರ ಪರಿಹಾರ ಕೊಟ್ಟಿತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ. ಇದು ನಮ್ಮ ಬಲ ಅಲ್ವಾ?

ಕಮಲಾಪುರದಾಕೆ:
ಬಲವೇ, ಆದರೆ ಅದನ್ನು ಈಗಾಗಲೇ ಒಂದು ಕಡೆ ಕಟ್ಟಿದ್ದಾರಲ್ಲ ಅಣ್ಣ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಕಲಬುರಗಿಯಲ್ಲೇ ಇದೆ. ಟಿಎಸ್-3ಆರ್, ಜಿಆರ್‌ಜಿ-811 ತೊಗರಿ ತಳಿ ಬಂದದ್ದು ಅಲ್ಲಿಂದಲೇ. ನಿಮ್ಮವರು ಮತ್ತೆ ಸೊನ್ನೆಯಿಂದ ಯಾಕೆ ಕಟ್ಟುತ್ತಾರೆ? ನಿಮ್ಮ ಸ್ಯಾಂಪಲ್, ಅವರ ಹೊಲ, ಎರಡೂ ಸೇರಿಸಿ ಹೊರಗಿನ ಹಣಕ್ಕೆ ಯೋಜನೆ ಬರೆಯಿರಿ. ಇಲ್ಲಾಂದ್ರೆ ಶೀರ್ಷಿಕೆಯಲ್ಲಿ 'ಎಐ' ಅಂತ ಸೇರಿಸಿಬಿಡಿ, ನಮ್ಮ ವಿಭಾಗದಲ್ಲಿ ಇಬ್ಬರು ಹಾಗೇ ಪಾಸಾಗಿದ್ದಾರೆ 😄

ತೊಗರಿಹೊಲ:
ಎಐ ಬೇಡ ಅಕ್ಕ, ಆಮೇಲೆ ನನಗೇ ನಗು ಬರುತ್ತದೆ. ಸೋಮವಾರ ಆ ಕೇಂದ್ರಕ್ಕೆ ಹೋಗಿ ಮಾತಾಡಿಕೊಂಡು ಬರುತ್ತೇನೆ. ಕರೆಂಟ್ ಹೋಗಿ ಫ್ರೀಜರ್ ಕೈಕೊಡುವ ಮೊದಲು.