ಪದಚರ್ಚೆ: ಔಷಧಿಗೆ ‘ನಿರೋಧಕ’ವೋ, ‘ಜಗ್ಗದ’ದ್ದೋ?

ಮಕ್ಕಳ ಮೂತ್ರಸೋಂಕಿನ ಬಗ್ಗೆ ತಾಯಂದಿರ ಕೈಗೆ ಕೊಡುವ ತಿಳಿವಳಿಕೆ ಹಾಳೆಯಲ್ಲಿ ‘ಆ್ಯಂಟಿಬಯಾಟಿಕ್ ರೆಸಿಸ್ಟೆನ್ಸ್’ಗೆ, ಎಂದರೆ ಸೂಕ್ಷ್ಮಾಣು ಔಷಧಿಗೆ ಸಾಯದೆ ಉಳಿಯುವುದಕ್ಕೆ, ಯಾವ ಪದ ಹಾಕುವುದು? ಅಚ್ಚಿನಲ್ಲಿ ಸಿಗುವುದು ‘ಪ್ರತಿಜೀವಕ ನಿರೋಧಕತೆ’, ‘ಪ್ರತಿರೋಧ’. ಮಂಡ್ಯ, ಮೈಸೂರು ಕಡೆಯ ಓದುಗರನ್ನು ಇವೆರಡೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲಸಿಕೆ ಹಾಕಿಸುವಾಗಲೆಲ್ಲ ‘ರೋಗನಿರೋಧಕ ಶಕ್ತಿ’ ಎಂದು ಕೇಳಿದ ಕಿವಿಗೆ ‘ನಿರೋಧಕ’ ಒಳ್ಳೆಯ ಮಾತು, ಮಗುವಿನ ಮೈಯ ಗುಣ. ‘ಮಗೂಗೆ ರೆಸಿಸ್ಟೆನ್ಸ್ ಬಂದಿದೆ’ ಎಂದರೆ ಮೈ ಗಟ್ಟಿಯಾಗಿದೆ ಎಂದೋ, ಮೈಗೆ ಔಷಧಿ ಅಭ್ಯಾಸವಾಗಿದೆ ಎಂದೋ ತಿಳಿಯುತ್ತಾರೆ. ಎರಡೂ ತಪ್ಪು. ಬದಲಾಗಿರುವುದು ಮಗುವಲ್ಲ, ಸೂಕ್ಷ್ಮಾಣು. ಮಕ್ಕಳ ಮೂತ್ರಸೋಂಕಿಗೆ ಬಹುಪಾಲು ಕಾರಣ ಕರುಳಿನಲ್ಲೇ ಇರುವ ಇ. ಕೋಲಿ. ಅದರ ಕೆಲವು ತಳಿಗಳು ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸಿ, ಸೆಫಿಕ್ಸಿಮ್‌ನಂಥ ಔಷಧಿಯನ್ನು ಅದು ಕೆಲಸ ಮಾಡುವ ಮೊದಲೇ ಒಡೆದುಹಾಕುತ್ತವೆ. ಆ ಕಿಣ್ವದ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ನೆಗಡಿಗೆಂದು ಸುಮ್ಮನೆ ಕುಡಿಸಿದ ಆ್ಯಂಟಿಬಯಾಟಿಕ್ ಕೂಡ ಕರುಳಿನಲ್ಲಿ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾಗಳನ್ನು ಕೊಂದು ಇಂಥವಕ್ಕೇ ಜಾಗ ಮಾಡಿಕೊಡುತ್ತದೆ.

ನಮ್ಮ ಆಡುಮಾತಿನಲ್ಲಿ ಇದಕ್ಕೆ ಹದವಾದ ಕ್ರಿಯಾಪದ ಇದೆ: ಜಗ್ಗು. ‘ಏನ್ ಮಾಡುದ್ರೂ ಜಗ್ಗಲ್ಲ’ ಎನ್ನುತ್ತೇವಲ್ಲ, ಅದು. ‘ಔಷಧಿಗೆ ಜಗ್ಗದ ಸೂಕ್ಷ್ಮಾಣು’ ಎಂದರೆ ಜಗ್ಗದೆ ನಿಂತಿರುವವರು ಯಾರೆಂಬ ಗೊಂದಲವೇ ಇಲ್ಲ. ಮೂತ್ರದಲ್ಲಿರುವ ಸೂಕ್ಷ್ಮಾಣುವನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ವರದಿಯ ‘ಆರ್’ಗೆ (ರೆಸಿಸ್ಟೆಂಟ್) ‘ಜಗ್ಗದು’, ‘ಎಸ್’ಗೆ (ಸಸೆಪ್ಟಿಬಲ್) ‘ಬಗ್ಗುತ್ತದೆ’ ಎಂದು ಬರೆಯಬಹುದು.

‘ಒಗ್ಗಲ್ಲ’ ಎಂಬುದನ್ನು ಮಾತ್ರ ಇಲ್ಲಿ ಬಳಸಬಾರದು. ‘ಆ ಔಷಧಿ ನಮ್ಮ ಮಗೂಗೆ ಒಗ್ಗಲ್ಲ’ ಎಂದಾಗ ಮೈಮೇಲೆ ಗಂಧೆ ಎದ್ದಿರಬಹುದು, ಭೇದಿಯಾಗಿರಬಹುದು, ಇಲ್ಲವೇ ಜ್ವರ ಬಿಡದೇ ಇರಬಹುದು. ಮೊದಲನೆಯದು ಅಲರ್ಜಿ ಇರಬಹುದು, ಎರಡನೆಯದು ಅಡ್ಡಪರಿಣಾಮ, ಮೂರನೆಯದು ಮಾತ್ರ ನಮ್ಮ ವಿಷಯಕ್ಕೆ ಹತ್ತಿರ. ಏನಾಯಿತೆಂದು ಕೇಳದೆ, ಪೆನಿಸಿಲಿನ್ ಗುಂಪಿನ ಔಷಧಿಯಿಂದಾದ ಭೇದಿಯನ್ನು ಅಲರ್ಜಿ ಎಂದು ಬರೆದುಕೊಂಡರೆ ಪೆನಿಸಿಲಿನ್ ಗುಂಪೇ ಆ ಮಗುವಿಗೆ ಕೈತಪ್ಪುತ್ತದೆ.

ಕಾಯಿಲೆಯ ಹೆಸರಾಗಿ ‘ಉರಿಮೂತ್ರ’ವೂ ಬೇಡ. ಎರಡು ವರ್ಷದೊಳಗಿನ ಮಗು ಉರಿ ಎಂದು ಹೇಳಲಾರದು. ಎಷ್ಟೋ ಸಲ ಕಾಣುವುದು ಜ್ವರ ಒಂದೇ. ಉರಿ ಎಂದೊಡನೆ ‘ಉಷ್ಣ’ ಎಂದುಕೊಂಡು ಬಾರ್ಲಿ ನೀರು ಕುಡಿಸುತ್ತ ದಿನ ಕಳೆಯುವ ಅಪಾಯವೂ ಇದೆ. ‘ಮೂತ್ರಸೋಂಕು’ ಸಾಕು.

ಕಲ್ಚರ್‌ಗೆ ‘ಸೂಕ್ಷ್ಮಾಣು ಕೃಷಿ’ ಎಂಬ ಪಠ್ಯದ ಪದ ಯಾರಿಗೂ ತಲುಪದು, ಕಲ್ಚರ್ ಎಂದೇ ಇರಲಿ. ಬಿಡಿಸಿ ಹೇಳಬೇಕಾದದ್ದು ‘ಮಿಡ್‌ಸ್ಟ್ರೀಮ್’. ‘ನಡುಧಾರೆ’ ಎಂದು ಹಾಕಿ, ಕೆಳಗೆ ವಿವರಿಸಿ: ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಡುವ ಮೊದಲೇ, ಮೂತ್ರ ಬರುವ ಜಾಗವನ್ನು ನೀರಿನಿಂದ ತೊಳೆದು, ಮೊದಲಿನ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೇ ಹಿಡಿಯಬೇಕು. ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಹೊರಗೆ ಬಿಟ್ಟರೆ ಚರ್ಮದಿಂದ ಬಂದ ನಾಲ್ಕು ಬ್ಯಾಕ್ಟೀರಿಯಾಗಳೂ ಬೆಳೆದು, ಸೋಂಕು ಎಂದು ಲೆಕ್ಕಕ್ಕೆ ಹಿಡಿಯುವ, ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ ಎಂಬ ಗಡಿಯನ್ನು ಸುಳ್ಳಾಗಿ ದಾಟಬಹುದು. ಆಗ ಇಲ್ಲದ ಸೋಂಕಿಗೆ ಔಷಧಿ ಶುರುವಾಗುತ್ತದೆ. ಹಸುಗೂಸಿಗೆ ಅಂಟಿಸುವ ಚೀಲದ ಮೂತ್ರದಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ನನಗೆ ಬಗೆಹರಿಯದೆ ಉಳಿದಿರುವುದು ವರದಿಯ ‘ಐ’ (ಇಂಟರ್‌ಮೀಡಿಯೆಟ್). ‘ಮಧ್ಯಮ’ ಎಂದರೆ ಸೋಂಕೇ ಮಧ್ಯಮ ಎಂದು ಓದಿಕೊಳ್ಳುತ್ತಾರೆ. ಇಂಥ ಪರೀಕ್ಷೆಗಳಿಗೆ ಮಾನದಂಡ ಗೊತ್ತುಮಾಡುವ ಯುರೋಪಿನ ಸಮಿತಿ ಇಯುಕ್ಯಾಸ್ಟ್ 2019ರಲ್ಲಿ ಇದರ ಅರ್ಥವನ್ನೇ ಬದಲಿಸಿ, ಔಷಧಿ ಹೆಚ್ಚಿನ ಪ್ರಮಾಣದಲ್ಲಿ ಸೋಂಕಿನ ಜಾಗಕ್ಕೆ ತಲುಪಿದರೆ ಬಗ್ಗುತ್ತದೆ ಎಂದಿತು. ಇದನ್ನು ‘ಹೆಚ್ಚಿಗೆ ಬಗ್ಗುವ’ ಎಂದರೆ ‘ಎಸ್’ಗಿಂತಲೂ ಸುಲಭವಾಗಿ ಬಗ್ಗುತ್ತದೆ ಎಂದಾಗಿ ಅರ್ಥ ತಿರುಗಿಬೀಳುತ್ತದೆ. ಮಂಡ್ಯ ಕಡೆಯ ಮಾತಿನಲ್ಲಿ ಇದಕ್ಕೊಂದು ಪದ ಗೊತ್ತಿದ್ದವರು ತಿಳಿಸಿ.