ಪಿಸ್ತೂಲ್ ಕವರ್ ಹೊಲಿಸಬೇಕು: ಯಾವ ಚರ್ಮ, ಒಳಗೆ ಯಾವ ಲೈನಿಂಗ್?

ತೋಟದಮನೆ (ಚನ್ನಗಿರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಕೊಯ್ಲಿನ ಕಾಲದಲ್ಲಿ ದುಡ್ಡು ಓಡಾಡುತ್ತದೆ, ತೋಟದ ಮನೆ ಊರಿಂದ ದೂರ. ಅದಕ್ಕೇ ಲೈಸೆನ್ಸ್ ಮಾಡಿಸಿ ಆರ್ಡ್ನೆನ್ಸ್ ಫ್ಯಾಕ್ಟರಿಯ .32 ಪಿಸ್ತೂಲು ಇಟ್ಟುಕೊಂಡಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ರೆಡಿ ಕವರ್ ತಗೊಂಡಿದ್ದೆ. ಹೊರಗೆ ಮೆತ್ತನೆ ಕಪ್ಪು ಚರ್ಮ, ಒಳಗೆ ಕೆಂಪು ಮಖಮಲ್ಲು. ನೋಡೋಕೆ ಒಡವೆ ಪೆಟ್ಟಿಗೆ ಇದ್ದಂಗಿತ್ತು. ಚುನಾವಣೆ ಬಂತು, ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕು ಅಂತ ಬೀರುವಿನಿಂದ ತೆಗೆದು ಕವರ್ ಬಿಚ್ಚಿದರೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಒಂದು ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆ, ಒಂದಲ್ಲ ಎರಡಲ್ಲ. ಮೂತಿ ಹತ್ತಿರ ಕಪ್ಪು ಪಾಲಿಶ್ ಉಜ್ಜಿ ಬೆಳ್ಳಗಾಗಿದೆ. ಹೊಟ್ಟೆ ಉರೀತು.

ಈ ಸಲ ದಾವಣಗೆರೆಯಲ್ಲಿ ಕೈಯಲ್ಲೇ ಹೊಲಿಸೋಣ ಅಂತಿದ್ದೇನೆ. ಹೊಲಿಯುವವರು ಸಿಕ್ಕಿದ್ದಾರೆ, ಬೆಲ್ಟು ಬ್ಯಾಗು ಚೆನ್ನಾಗಿ ಮಾಡುತ್ತಾರೆ, ಆದರೆ ಇದನ್ನು ಯಾವತ್ತೂ ಮಾಡಿಲ್ಲ. "ಚರ್ಮ ನೀವೇ ತಂದುಕೊಡಿ" ಅಂದರು. ಹಸುವಿನದೋ ಎಮ್ಮೆಯದೋ? ಎಷ್ಟು ದಪ್ಪ? ಒಳಗೆ ಏನು ಹಾಕಿಸಲಿ? ಸೊಂಟದ ಬೆಲ್ಟಿಗೆ ಹಾಕುವಂಥದ್ದು, ಬೈಕ್ ಓಡಿಸುತ್ತೇನೆ.

ರಂಪಿಗೆ

ಅಣ್ಣ, ಹಸುನೋ ಎಮ್ಮೆನೋ ಅನ್ನೋದು ಆಮೇಲೆ. ಮೊದಲು ಕೇಳಬೇಕಾದ್ದು ಅದನ್ನು ಹೇಗೆ ಹದ ಮಾಡಿದ್ದಾರೆ ಅಂತ.

ಚರ್ಮ ಹದ ಮಾಡೋದು ಮುಖ್ಯವಾಗಿ ಎರಡು ರೀತಿ. ಒಂದು ಕ್ರೋಮಿಯಂ ಉಪ್ಪಿನಲ್ಲಿ. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ಸೋಫಾ, ಜಾಕೆಟ್, ಶೂ ಮೇಲ್ಭಾಗ ಎಲ್ಲ ಹೆಚ್ಚಾಗಿ ಇದೇ. ಇನ್ನೊಂದು ಮರದ ತೊಗಟೆ, ಕಾಯಿಯಲ್ಲಿ. ನಮ್ಮ ಚಿತ್ರದುರ್ಗ ಕಡೆ ರಸ್ತೆ ಪಕ್ಕ ಹಳದಿ ಹೂ ಬಿಟ್ಟು ನಿಂತಿರುತ್ತಲ್ಲ ತಂಗಡಿ ಗಿಡ, ಅದರ ತೊಗಟೆಯಲ್ಲೇ ದಕ್ಷಿಣದವರು ಹಿಂದಿನಿಂದ ಹದ ಮಾಡುತ್ತಿದ್ದದ್ದು. ಜೊತೆಗೆ ಅಳಲೆಕಾಯಿ. ಈಗ ವ್ಯಾಟಲ್ ಮರದ ತೊಗಟೆಯ ಪುಡಿ ಜಾಸ್ತಿ. ತಮಿಳುನಾಡಿನ ಈರೋಡು, ದಿಂಡಿಗಲ್, ತಿರುಚ್ಚಿ ಕಡೆಯಿಂದ ಬರುವ ಈಸ್ಟ್ ಇಂಡಿಯಾ ಲೆದರ್ ಈ ಜಾತಿಯದ್ದು. ಅಂಗಡಿಯಲ್ಲಿ "ವೆಜ್ ಟ್ಯಾನ್" ಅಂತ ಕೇಳಿ.

ನಿಮಗೆ ಬೇಕಾದ್ದು ಈ ಎರಡನೆಯದು. ಯಾಕೆ ಅಂದರೆ ಇದನ್ನು ನೆನೆಸಿ ಒತ್ತಿದರೆ ಒತ್ತಿದ ಆಕಾರಕ್ಕೆ ಕೂತು, ಒಣಗಿದ ಮೇಲೆ ಗಟ್ಟಿಯಾಗಿ ಹಾಗೇ ನಿಲ್ಲುತ್ತದೆ. ಕ್ರೋಮ್ ಚರ್ಮವನ್ನು ಎಷ್ಟು ಒತ್ತಿದರೂ ಬಿಟ್ಟ ತಕ್ಷಣ ವಾಪಸ್. ಸಾಲದ್ದಕ್ಕೆ ಅದರಲ್ಲಿ ಉಳಿದ ಉಪ್ಪು ಉಕ್ಕಿಗೆ ಆಗಿಬರಲ್ಲ. ನಿಮ್ಮ ಹಳೇ ಕವರ್ ಕ್ರೋಮೇ ಅನಿಸುತ್ತದೆ, ಒಂದು ತುದಿ ಕತ್ತರಿಸಿ ನೋಡಿ. ಕತ್ತರಿಸಿದ ಜಾಗದ ನಡುವೆ ಬೂದಿ ನೀಲಿ ಬಣ್ಣ ಕಂಡರೆ ಕ್ರೋಮ್. ವೆಜ್ ಟ್ಯಾನ್ ಆದರೆ ಈ ಕಡೆಯಿಂದ ಆ ಕಡೆವರೆಗೂ ಕಂದು.

ಅಂಗಡಿಯಲ್ಲಿ ಇನ್ನೂ ಸುಲಭ. ಬಣ್ಣ, ಪಾಲಿಶ್ ಏನೂ ಹಾಕದ ತುಂಡಿನ ಮೇಲೆ ಬೆರಳಲ್ಲಿ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ಆದರೆ ಹನಿ ನಿಧಾನಕ್ಕೆ ಒಳಗೆ ಇಳಿದು ಅಲ್ಲಿ ಕಪ್ಪಗಾಗುತ್ತದೆ. ಆ ಜಾಗಕ್ಕೆ ಉಗುರು ಒತ್ತಿ. ಗುರುತು ಉಳಿಯಬೇಕು. ಉಳಿಯದಿದ್ದರೆ ಅಂಗಡಿಯವನು ಏನೇ ಹೇಳಲಿ, ದುಡ್ಡು ಕೊಡಬೇಡಿ.

ದಪ್ಪದ ವಿಚಾರ. ವಿದೇಶಿ ವಿಡಿಯೋಗಳಲ್ಲಿ ಔನ್ಸ್ ಲೆಕ್ಕ ಹೇಳುತ್ತಾರೆ, ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ಒಂದೇ ಪದರ ಆದರೆ 8-9 ಔನ್ಸ್, ಅಂದರೆ 3.2ರಿಂದ 3.6 ಮಿ.ಮೀ. ಲೈನಿಂಗ್ ಹಾಕಿಸುವುದಾದರೆ ಹೊರಗಿನದು 2.4-2.8, ಒಳಗಿನದು 1.2-1.6 ಸಾಕು. ಎರಡೂ ಸೇರಿ 4ರ ಹತ್ತಿರ ಬರುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಸೊಂಟದಲ್ಲಿ ಇಟ್ಟಿಗೆ ಕಟ್ಟಿಕೊಂಡಂಗೆ.

ಎಮ್ಮೆ ಚರ್ಮ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಗಟ್ಟಿ, ರೇಟೂ ಕಮ್ಮಿ. ಆದರೆ ಎಳೆ ಸ್ವಲ್ಪ ಸಡಿಲ. ಒತ್ತಿದಾಗ ಹಸುವಿನದರಷ್ಟು ಚೂಪಾಗಿ ಆಕಾರ ಬರಲ್ಲ. ಯಾವುದೇ ತಗೊಳ್ಳಿ, ಬೆನ್ನಿನ ಭಾಗದ್ದೇ ಕೇಳಿ. ಹೊಟ್ಟೆ ಭಾಗ ಹಿಗ್ಗುತ್ತದೆ, ಸೋವಿ ಅಂತ ಅದನ್ನೇ ತಲೆಗೆ ಕಟ್ಟುತ್ತಾರೆ.

ಚಳ್ಳಕೆರೆ ಹುಡುಗ

ಲೈನಿಂಗಿಗೆ ಕುರಿ ಚರ್ಮ ಹಾಕಿಸಬಹುದಲ್ವಾ? ನಮ್ಮ ಕಡೆ ಕುರಿಗೇನು ಬರ 😀 ಮೆತ್ತಗೂ ಇರುತ್ತದೆ.

ರಂಪಿಗೆ

ಮೆತ್ತಗಿರೋದೇ ತೊಂದರೆ ತಮ್ಮಾ. ಕುರಿ ಚರ್ಮದಲ್ಲಿ ಕೊಬ್ಬು ಜಾಸ್ತಿ, ಮೇಲಿನ ಪದರಕ್ಕೂ ಒಳಗಿನ ಪದರಕ್ಕೂ ಬಿಗಿ ಕಮ್ಮಿ. ದಿನಾ ತೆಗೆದು ಹಾಕಿ ಮಾಡಿದರೆ ಸಿಪ್ಪೆ ಎದ್ದಂಗೆ ಏಳುತ್ತದೆ. ಆಡಿನದು ಆಗಬಹುದು, ಎಳೆ ಬಿಗಿ. ಕರುವಿನ ತೆಳು ಚರ್ಮ ಸಿಕ್ಕರೆ ಇನ್ನೂ ಒಳ್ಳೇದು. ಲೈನಿಂಗ್ ಕೂಡ ವೆಜ್ ಟ್ಯಾನೇ ಇರಬೇಕು, ನುಣುಪಾದ ಮುಖ ಪಿಸ್ತೂಲಿನ ಕಡೆ. ಕುರಿಯನ್ನು ಕಂಬಳಿಗೆ ಬಿಡೋಣ.

ಮಖಮಲ್ಲು, ಜೂಲು ಇರುವ ಸ್ವೇಡ್, ಫೋಮು ಯಾವುದೂ ಬೇಡ. ನೋಡೋಕೆ ಪಿಸ್ತೂಲಿಗೆ ಹಾಸಿಗೆ ಹಾಸಿದಂಗೆ ಕಾಣುತ್ತದೆ. ಆದರೆ ಬೈಕಿನಲ್ಲಿ ಬರುವಾಗ ಏಳುವ ಧೂಳು ಆ ಜೂಲಿನಲ್ಲಿ ಕೂತರೆ ಹೋಗಲ್ಲ. ಆಮೇಲೆ ಅದು ಮರಳು ಕಾಗದವೇ, ಒಂದೊಂದು ಸಲ ತೆಗೆದಾಗಲೂ ಪಾಲಿಶ್ ಕೆರೆಯುತ್ತದೆ. ಬೆವರು ಇಳಿದರೆ ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂತಿ ಬೆಳ್ಳಗಾಗಿದ್ದು, ತುಕ್ಕು ಬಂದದ್ದು ಎರಡಕ್ಕೂ ಉತ್ತರ ಅಲ್ಲೇ ಇದೆ ನೋಡಿ.

ಹಳೇ ಫೌಜಿ, ದುರ್ಗ

ಲೈನಿಂಗ್ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗಲ್ಲ. ಒಳ್ಳೆ ಚರ್ಮ ಒಂದೇ ಪದರ ಸಾಕು. ಒಳಮುಖದ ಎಳೆಗಳನ್ನು ಗೋಂದು ನೀರು ಹಚ್ಚಿ ಗಾಜಿನ ಬಾಟಲಿಯಲ್ಲಿ ಉಜ್ಜಿ ಕೂರಿಸಿದರೆ ಮುಗೀತು.

ನೀವೆಲ್ಲ ಪಾಲಿಶ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಬೆರಳಿನ ಬಗ್ಗೆ ಹೇಳುತ್ತೇನೆ. ಕವರಿನ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿರುತ್ತದೆ, ನೀವು ನೋಡದೆ ಪಿಸ್ತೂಲು ಒಳಗೆ ತಳ್ಳುತ್ತೀರಿ, ಆ ಮಡಿಕೆ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತ ಇರುವ ಕಮಾನು) ಒಳಗೆ ಸೇರಿ ಟ್ರಿಗರನ್ನು ಒತ್ತುತ್ತದೆ. ಗುಂಡು ಹೋಗೋದು ನಿಮ್ಮ ತೊಡೆಗೇ. ಸವೆದ ಚರ್ಮದ ಹೋಲ್ಸ್ಟರಿನಲ್ಲಿ ಹೀಗೆ ಆಗಿರೋದು ಉಂಟು. ಅದಕ್ಕೇ ಬಾಯಿ ಸುತ್ತ ಇನ್ನೊಂದು ಪಟ್ಟಿ ಚರ್ಮ ಹೊಲಿಸಿ. ಪಿಸ್ತೂಲು ಹೊರಗೆ ತೆಗೆದರೂ ಬಾಯಿ ತೆರೆದೇ ನಿಲ್ಲಬೇಕು. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಬಿಡಿಸುವ ಬಟನ್ ಮೇಲೆ ಮಾತ್ರ ಬಿಗಿಯಾಗಿ ಕೂರಬಾರದು, ಕೂತರೆ ಬೈಕಿನಲ್ಲಿ ಬಗ್ಗಿದಾಗ ಬಟನ್ ಒತ್ತಿಕೊಂಡು ಮ್ಯಾಗಜಿನ್ ಲೂಸ್ ಆಗುತ್ತದೆ. ಬೈಕ್ ಅಂದಿರಲ್ಲ, ಮೇಲೆ ಟಿಚ್ ಬಟನ್ ಪಟ್ಟಿ ಇರಲಿ.

ಇನ್ನೊಂದು, ತುಂಬಾ ಮುಖ್ಯ. ಅಳತೆಗೆ ಅಂತ ಪಿಸ್ತೂಲನ್ನು ಹೊಲಿಯುವವರ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಲೈಸೆನ್ಸ್ ನಿಮ್ಮ ಹೆಸರಲ್ಲಿದೆ, ಅವರ ಹೆಸರಲ್ಲಿಲ್ಲ. ಇಬ್ಬರಿಗೂ ತಾಪತ್ರಯ.

ತೋಟದಮನೆ (ಚನ್ನಗಿರಿ)

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಎರಡು ದಿನ ಅಂಗಡಿಯಲ್ಲಿ ಬಿಟ್ಟು ಬರೋಣ ಅಂತಲೇ ಇದ್ದೆ! ಮತ್ತೆ ಆಕಾರ ಒತ್ತೋದು ಹೇಗೆ?

ರಂಪಿಗೆ

ಅದೇ ಅಳತೆಯ ಮರದ ಪಿಸ್ತೂಲು ಮಾಡಿಸಿ. ಮನೆಯಲ್ಲಿ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಕಾಗದದ ಮೇಲೆ ಮಲಗಿಸಿ ಪೆನ್ಸಿಲ್ಲಲ್ಲಿ ಸುತ್ತ ಗೆರೆ ಎಳೆಯಿರಿ. ಎಲ್ಲೆಲ್ಲಿ ಎಷ್ಟು ದಪ್ಪ ಅಂತ ಪಕ್ಕದಲ್ಲೇ ಬರೆಯಿರಿ. ಆ ಚೀಟಿ ಹಿಡಿದು ಬಡಗಿ ಹತ್ತಿರ ಹೋದರೆ ತೇಗದ ತುಂಡಿನಲ್ಲಿ ಕೆತ್ತಿಕೊಡುತ್ತಾರೆ. ಗುರಿ ಹಿಡಿಯೋಕೆ ಮುಂದೆ ಇರುವ ಸೈಟ್ ಚರ್ಮಕ್ಕೆ ಸಿಕ್ಕಿಕೊಳ್ಳದ ಹಾಗೆ ಅದರ ನೇರಕ್ಕೆ ಉದ್ದಕ್ಕೂ ಒಂದು ಸಣ್ಣ ಕಡ್ಡಿ ಅಂಟಿಸಿ. ಮ್ಯಾಗಜಿನ್ ಬಟನ್ ಜಾಗದಲ್ಲೂ ಒಂದು ಚೂರು ಅಂಟಿಸಿ ಉಬ್ಬಿಸಿ. ಫೌಜಿ ಸರ್ ಹೇಳಿದ್ದಕ್ಕೆ ಅದೇ ಪರಿಹಾರ.

ಹೊಲಿದ ಮೇಲೆ ಕವರನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಮರದ ಪಿಸ್ತೂಲು ತೂರಿಸಿ, ಚಮಚದ ಹಿಂಭಾಗದಲ್ಲಿ ನಿಧಾನಕ್ಕೆ ಒತ್ತುತ್ತಾ ಬರಬೇಕು. ಟ್ರಿಗರ್ ಗಾರ್ಡಿನ ಕಮಾನು ಮೊದಲು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಅಷ್ಟೊತ್ತಿಗೆ ಚರ್ಮ ಸ್ವಲ್ಪ ಬಿಗಿಯಾಗಿ, ಗೆರೆ ಎದ್ದು ನಿಲ್ಲುತ್ತದೆ. ನೆರಳಲ್ಲಿ ಒಂದು ರಾತ್ರಿ, ಒಂದು ಹಗಲು. ದಾವಣಗೆರೆ ಬಿಸಿಲು ಇದೆಯಲ್ಲ ಅಂತ ತಾರಸಿ ಮೇಲೆ ಇಟ್ಟುಬಿಟ್ಟರೆ ಹಪ್ಪಳದಂಗೆ ಸೆಟೆದು ಬಿರಿಯುತ್ತದೆ.

ಲೈನಿಂಗ್ ಬೇಡ ಅಂದದ್ದಕ್ಕೆ ನನ್ನ ಅರ್ಧ ಒಪ್ಪಿಗೆ. ಒಂದೇ ಪದರ ಸಾಕು, ಹೊಲಿಯೋದೂ ಸುಲಭ. ಆದರೆ ಎರಡು ಪದರ ಒಂದಕ್ಕೊಂದು ಬೆನ್ನು ಮಾಡಿ ಅಂಟಿಸಿದಾಗ ಬರುವ ಬಿಗಿ ಒಂದೇ ಪದರಕ್ಕೆ ಬರಲ್ಲ. ಬಾಯಿಯೂ ಬೇಗ ಸಡಿಲ ಆಗಲ್ಲ. ಹಾಕಿಸುವುದಾದರೆ ಹೊಲಿಯುವವರಿಗೆ ಒಂದು ಮಾತು ಹೇಳಿ: ಚಪಾತಿ ಮಣೆ ಮೇಲೆ ಅಂಟಿಸಿದಂಗೆ ಮಟ್ಟಸವಾಗಿ ಅಂಟಿಸಬಾರದು. ಕವರ್ ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ಹೊರಗಿನದನ್ನು ಬಗ್ಗಿಸಿ ಹಿಡಿದುಕೊಂಡೇ ಒಳಗಿನದನ್ನು ಸಲ್ಯೂಷನ್ ಹಾಕಿ ಅಂಟಿಸಬೇಕು. ಇಲ್ಲದಿದ್ದರೆ ಮಡಚಿದಾಗ ಒಳಗೆ ಸುಕ್ಕು ಬೀಳುತ್ತದೆ, ಆ ಸುಕ್ಕಿಗೆ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಲೈನಿಂಗ್ ಹೊರಗಿನದಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ ಆಮೇಲೆ ರಂಪಿಗೆಯಲ್ಲಿ (ಚರ್ಮ ಕತ್ತರಿಸುವ ಉಳಿ) ಸವರಿದರಾಯಿತು. ದಾರ ಮೇಣ ಹಾಕಿದ ಪಾಲಿಯೆಸ್ಟರ್, ಎರಡು ಸೂಜಿ ಹೊಲಿಗೆ, ಇಂಚಿಗೆ ಆರೇಳು.

ಚಳ್ಳಕೆರೆ ಹುಡುಗ

ಎಣ್ಣೆ? ನಮ್ಮಜ್ಜ ಎಕ್ಕಡಕ್ಕೆ ಹರಳೆಣ್ಣೆ ಹಚ್ಚುತ್ತಿದ್ದರು.

ರಂಪಿಗೆ

ಎಕ್ಕಡ ಮೆತ್ತಗಾಗಬೇಕು, ಇದು ಆಗಬಾರದು. ನಾನೇ ಮೊದಲನೇ ಸಲ ಚಾಕುವಿನ ಒರೆಗೆ ಪ್ರೀತಿಯಿಂದ ಮೂರು ಕೈ ಹರಳೆಣ್ಣೆ ಹಚ್ಚಿ ಹೋಳಿಗೆ ಮಾಡಿದ್ದೆ. ಒಂದು ತೆಳು ಕೈ ಸಾಕು, ಆಮೇಲೆ ಜೇನುಮೇಣ. ಬೆನ್ನ ಕಡೆ, ಅಂದರೆ ಮೈಗೆ ತಾಗುವ ಕಡೆ, ಮೇಣ ಜಾಸ್ತಿ ಇರಲಿ. ಬೆವರು ಒಳಗೆ ಬರೋದು ಆ ಕಡೆಯಿಂದಲೇ.

ಹಳೇ ಫೌಜಿ, ದುರ್ಗ

ಎಷ್ಟು ಒಳ್ಳೆ ಕವರ್ ಮಾಡಿಸಿದರೂ ಬೀರುವಿನಲ್ಲಿ ಅದರೊಳಗೇ ಇಡಬೇಡಿ. ವೆಜ್ ಟ್ಯಾನಿಗೂ ಸ್ವಲ್ಪ ಹುಳಿ ಗುಣ ಇದೆ, ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬೂಸೂ ಬರುತ್ತದೆ. ಗುಂಡಿನ ಹಿತ್ತಾಳೆಗೂ ಹಸಿರು ಕಿಲುಬು ಹಿಡಿಯುತ್ತದೆ. ಮನೆಗೆ ಬಂದರೆ ಹೊರಗೆ ತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಬೀಗ ಹಾಕಿ. ಖಾಲಿ ಕವರನ್ನು ಗೂಟಕ್ಕೆ ನೇತುಹಾಕಿ.

ತೋಟದಮನೆ (ಚನ್ನಗಿರಿ)

ಇವತ್ತು ಚರ್ಮದ ಅಂಗಡಿಗೆ ಹೋಗಿದ್ದೆ. "ಪಕ್ಕಾ ವೆಜ್ ಟ್ಯಾನ್" ಅಂತ ಮೊದಲು ತೋರಿಸಿದ ತುಂಡಿನ ಮೇಲೆ ನೀರು ಬಿಟ್ಟರೆ ಹನಿ ಕೆಸುವಿನ ಎಲೆ ಮೇಲೆ ಓಡಿದಂಗೆ ಓಡಿಹೋಯಿತು. ಅವರೇ ನಕ್ಕು ಒಳಗಿನಿಂದ ಇನ್ನೊಂದು ತಂದರು. ಅದರ ಮೇಲೆ ಹನಿ ಇಳಿಯಿತು, ಉಗುರಿನ ಗುರುತೂ ಉಳಿಯಿತು. ಹಸುವಿನದು, 2.6 ಮಿ.ಮೀ. ಆಡಿನ ಚರ್ಮ 0.9ರದ್ದು ಮಾತ್ರ ಇತ್ತು. ತಗೊಳ್ಳಲಾ, ಬೇಡವಾ?

ರಂಪಿಗೆ

ತಗೊಳ್ಳಿ, ನಡೆಯುತ್ತದೆ. ಬಾಯಿ ಪಟ್ಟಿಗೆ ಮಾತ್ರ ಹೊರಗಿನ ಚರ್ಮದ್ದೇ ತುಂಡು ಹಾಕಿಸಿ, ಅದಕ್ಕೂ ಸೇರಿಸಿ ಅಳತೆ ಹಿಡಿದು ಕೊಳ್ಳಿ. ಆಮೇಲೆ ಸಾಲದೆ ಬಂದರೆ ಅದೇ ತುಂಡು ಸಿಗಲ್ಲ.